ಕರಾವಳಿಯಲ್ಲಿ ಹಳೆಯ ಲಾರಿಯ ಚಾಸಿಗೆ ಯಾವ ಬಣ್ಣ? ತುಕ್ಕು ತಡೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಹಳೆಯ ಲಾರಿಯೊಂದನ್ನು ಮಾರದೆ ಉಳಿಸಿಕೊಂಡವರಿಗಾಗಿ ಇದನ್ನು ಬರೆದಿದ್ದೇನೆ. 1954ರ ಒಪ್ಪಂದದ ನಂತರ ಬಂದ ಟಾಟಾ ಮರ್ಸಿಡಿಸ್-ಬೆಂಜ್ ಆಗಿರಲಿ, ಲೇಲ್ಯಾಂಡ್ ಕಾಮೆಟ್, ಫಾರ್ಗೋ, ಬೆಡ್‌ಫರ್ಡ್ ಆಗಿರಲಿ, ಎಂಜಿನ್ನಿನ ಬಿಡಿಭಾಗ ಹುಡುಕಿದರೆ ಸಿಗುತ್ತದೆ, ಕ್ಯಾಬಿನ್ನಿನ ತಗಡನ್ನು ಮೇಸ್ತ್ರಿಗಳು ಹೊಸದಾಗಿ ಬಡಿದು ಕೊಡುತ್ತಾರೆ. ಲಾರಿಯ ಇಡೀ ಭಾರ ಹೊರುವ ಉದ್ದನೆಯ ಕಬ್ಬಿಣದ ಚೌಕಟ್ಟಾದ ಚಾಸಿ ಹೋದರೆ ಮಾತ್ರ ಲಾರಿಯೇ ಹೋದಂತೆ.

ಎಲ್ಲಕ್ಕಿಂತ ಒಳ್ಳೆಯ ಕೋಟಿಂಗ್ ಯಾವುದು?

ಕಬ್ಬಿಣವನ್ನು ನೀವು ಎಷ್ಟರ ಮಟ್ಟಿಗೆ ಸ್ವಚ್ಛಗೊಳಿಸಬಲ್ಲಿರಿ ಎಂಬುದರ ಮೇಲೆ ಉತ್ತರ ನಿಂತಿದೆ. ಕ್ಯಾಬಿನ್, ಬಾಡಿ, ಎಂಜಿನ್ ಎಲ್ಲವನ್ನೂ ಇಳಿಸಿ, ಬರಿಯ ಚಾಸಿಯನ್ನು ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಹರಳು ಹೊಡೆದು ತುಕ್ಕು ತೆಗೆಯುವುದು) ಮಾಡಿಸುವುದಾದರೆ ಝಿಂಕ್ ಹೆಚ್ಚಿರುವ ಎಪಾಕ್ಸಿ (ಎರಡು ಡಬ್ಬಿ ಬೆರೆಸಿ ಬಳಿಯುವ ರಾಳದ ಬಣ್ಣ) ಪ್ರೈಮರ್, ಅದರ ಮೇಲೆ ದಪ್ಪ ಎಪಾಕ್ಸಿ, ಕೊನೆಗೆ ಪಿಯು (ಪಾಲಿಯುರೆಥೇನ್) ಬಣ್ಣ. ಗ್ರೈಂಡರ್ ಮತ್ತು ತಂತಿ ಬ್ರಷ್‌ನಲ್ಲೇ ಕೆಲಸ ಮುಗಿಸಬೇಕಾದರೆ, ಅರೆಬರೆ ಸ್ವಚ್ಛವಾದ ಮೇಲ್ಮೈಯನ್ನೂ ಹಿಡಿದುಕೊಳ್ಳುವ ಎಪಾಕ್ಸಿ ಮಾಸ್ಟಿಕ್. ಬಾಡಿ ಇಳಿಸುವುದೇ ಸಾಧ್ಯವಿಲ್ಲ, ಲಾರಿ ಹೇಗಿದೆಯೋ ಹಾಗೆಯೇ ಇನ್ನೆರಡು ಮಳೆಗಾಲ ದಾಟಬೇಕು ಎಂದಾದರೆ ಬಣ್ಣಕ್ಕಿಂತ ಮೇಣ ಅಥವಾ ಎಣ್ಣೆಯ ಲೇಪವೇ ಮೇಲು. ಬ್ಲಾಸ್ಟಿಂಗ್ ಬೇಡುವ ದುಬಾರಿ ಬಣ್ಣವನ್ನು ತಂತಿ ಬ್ರಷ್ ಉಜ್ಜಿದ ಕಬ್ಬಿಣಕ್ಕೆ ಬಳಿಯುವುದರಿಂದ ಹಣವೂ ಹಾಳು, ಕಬ್ಬಿಣವೂ ಹಾಳು. ಅದಕ್ಕಾಗಿಯೇ ಅಂಗಡಿಗೆ ಹೋಗುವ ಮೊದಲು ಚಾಸಿಯ ಅಡಿಗೆ ಹೋಗಿ ಎಂದು ಎಲ್ಲರಿಗೂ ಹೇಳುತ್ತೇನೆ.

ಶಿರಸಿಯ ಲಾರಿಗಿಂತ ಕಾರವಾರದ ಲಾರಿ ಬೇಗ ತುಕ್ಕು ಹಿಡಿಯುವುದು ಏಕೆ? ಮಳೆ ಎರಡೂ ಕಡೆ ಇದೆಯಲ್ಲ?

ವ್ಯತ್ಯಾಸ ಇರುವುದು ಉಪ್ಪಿನಲ್ಲಿ. ಸಮುದ್ರದ ಗಾಳಿ ಹೊತ್ತು ತರುವ ಉಪ್ಪಿನ ಕಣಗಳು ಕಬ್ಬಿಣದ ಮೇಲೆ ಕೂರುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಶೇಕಡಾ ದಾಟಿತೆಂದರೆ ಅಡುಗೆ ಉಪ್ಪು ಗಾಳಿಯಲ್ಲಿರುವ ತೇವವನ್ನು ಹೀರಿ ತಾನೇ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಸೇರಿರುವ ಮೆಗ್ನೀಸಿಯಂ ಕ್ಲೋರೈಡ್ ಅದಕ್ಕೂ ಬಹಳ ಕಡಿಮೆ ತೇವದಲ್ಲೇ ಕರಗುತ್ತದೆ. ಹಾಗಾಗಿ ಒಂದು ಹನಿ ಮಳೆ ಬೀಳದ ಜನವರಿಯ ರಾತ್ರಿಯಲ್ಲೂ ಸದಾಶಿವಗಡದ ಬಳಿ ನಿಂತ ಲಾರಿಯ ಚಾಸಿ ಒದ್ದೆಯಾಗಿಯೇ ಇರುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಸುಮ್ಮನೆ ಕೂರುವುದೂ ಇಲ್ಲ. ಕಬ್ಬಿಣದಲ್ಲಿ ಗುಂಡಿ ತೋಡುತ್ತ ಒಳಗಿಳಿಯುತ್ತದೆ.

ಮಳೆಗಾಲವನ್ನು ನಾವು ಬೈಯುತ್ತೇವೆ, ಆದರೆ ಮಳೆ ತೊಳೆಯುವ ಭಾಗಗಳಲ್ಲಿ ಉಪ್ಪು ನಿಲ್ಲುವುದಿಲ್ಲ. ಮಳೆ ತಲುಪದ ಅಡಿಭಾಗ, ಚಾನೆಲ್ಲಿನ (ಚಾಸಿಯ ಎರಡು ಬದಿಯ ಉದ್ದನೆಯ ಮಡಿಚಿದ ತೊಲೆ) ಒಳಮೈ, ಅವೆರಡನ್ನು ಜೋಡಿಸುವ ಅಡ್ಡ ತೊಲೆಯಾದ ಕ್ರಾಸ್ ಮೆಂಬರಿನ ಹಿಂಬದಿ, ಇಲ್ಲಿ ಉಪ್ಪು ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಹೋಗುತ್ತದೆ. ಶೆಡ್ಡಿನೊಳಗೆ ಜೋಪಾನವಾಗಿಟ್ಟ ಲಾರಿಯ ಅಡಿಭಾಗ ಬಯಲಲ್ಲಿ ನಿಂತ ಲಾರಿಗಿಂತ ಕೆಟ್ಟದಾಗಿರುವುದನ್ನು ಕರಾವಳಿಯಲ್ಲಿ ಕಾಣುವುದು ಇದರಿಂದಲೇ.

ಶಿರಸಿಯಲ್ಲಿ ಶತ್ರು ಬೇರೆ. ಅಲ್ಲಿ ಕೆಂಪು ಮಣ್ಣು, ಕೊಳೆತ ಎಲೆ, ತೋಟದ ರಸ್ತೆಯ ರಾಡಿ ಚಾನೆಲ್ಲಿನಲ್ಲಿ ಗಟ್ಟಿಯಾಗಿ ಕೂತು, ಮಳೆ ನಿಂತು ತಿಂಗಳಾದರೂ ತೇವ ಹಿಡಿದಿರುತ್ತದೆ. ಅದನ್ನು ಕೆರೆದು ತೆಗೆದರೆ ಅರ್ಧ ಕೆಲಸ ಆದಂತೆ. ಕರಾವಳಿಯ ಉಪ್ಪನ್ನು ಹಾಗೆ ಕೆರೆದು ತೆಗೆಯಲು ಆಗುವುದಿಲ್ಲ.

ಲಾರಿ ಹಿಂದೆ ಏನು ಹೊತ್ತಿತ್ತು ಎಂಬುದು ಮುಖ್ಯವೇ?

ತುಂಬಾ ಮುಖ್ಯ. ಸಾಣಿಕಟ್ಟೆಯ ಉಪ್ಪು ಸಾಗಿಸಿದ ಲಾರಿ, ಬೈತಖೋಲ್ ಬಂದರಿನಿಂದ ಮೀನು ಮತ್ತು ಮಂಜುಗಡ್ಡೆ ಹೊತ್ತ ಲಾರಿ ಇವೆರಡೂ ಶಿರಸಿಯಲ್ಲಿ ನಿಂತಿದ್ದರೂ ಕರಾವಳಿಯ ಲಾರಿಗಳೇ. ಮೀನಿನ ಉಪ್ಪುನೀರು ಹಿಂದಿನ ಚಕ್ರಗಳ ಮೇಲಿನ ಭಾಗಕ್ಕೆ ವರ್ಷಗಟ್ಟಲೆ ಸುರಿದಿರುತ್ತದೆ. ಅಲ್ಲಿ ಮೇಲ್ನೋಟಕ್ಕೆ ಒಳ್ಳೆಯ ಬಣ್ಣ ಕಂಡರೂ ನಂಬಬೇಡಿ. ಯಲ್ಲಾಪುರ, ದಾಂಡೇಲಿ ಕಡೆ ನಾಟಾ (ಮರದ ದಿಮ್ಮಿ) ಹೊತ್ತ ಲಾರಿಗಳಲ್ಲಿ ತುಕ್ಕಿಗಿಂತ ಬಿರುಕು, ಸಡಿಲಾದ ರಿವೆಟ್ ಹೆಚ್ಚು.

ಬಣ್ಣಕ್ಕೆ ಮೊದಲು ಚಾಸಿಯಲ್ಲಿ ಏನು ನೋಡಬೇಕು?

ಸಣ್ಣ ಸುತ್ತಿಗೆ ಹಿಡಿದು ಇಡೀ ಉದ್ದಕ್ಕೆ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಗಂಟೆಯಂತೆ ಸದ್ದು ಮಾಡುತ್ತದೆ. ತಿಂದುಹೋದದ್ದು ಮಂದವಾಗಿ, ಪದರ ಉದುರಿಸುತ್ತ ಉತ್ತರ ಕೊಡುತ್ತದೆ. ಪಾಟಾ (ಸ್ಪ್ರಿಂಗ್ ಪಟ್ಟಿ) ಹ್ಯಾಂಗರ್‌ಗಳ ಸುತ್ತ, ಚಾನೆಲ್ಲಿನ ಒಳಗೆ ಇನ್ನೊಂದು ಚಾನೆಲ್ ಕೂರಿಸಿ ಬಲಪಡಿಸಿದ ಕಡೆ, ಬ್ಯಾಟರಿ ಪೆಟ್ಟಿಗೆಯ ಕೆಳಗೆ ಮೊದಲು ನೋಡಿ. ಬಾಡಿ ಮತ್ತು ಚಾಸಿಯ ನಡುವೆ ಹಾಸಿದ ಮರದ ತೊಲೆಯ ಅಡಿಯನ್ನಂತೂ ಬಿಡಲೇಬೇಡಿ. ಆ ತೊಲೆ ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಮರದೊಳಗಿನ ಆಮ್ಲವೂ ಕಬ್ಬಿಣವನ್ನು ತಿನ್ನುತ್ತದೆ. ಚಾಸಿಯ ಮೇಲ್ಮುಖ ಅಲ್ಲಿ ತೆಳ್ಳಗಾಗಿರುವುದು ಬಾಡಿ ಇಳಿಸುವವರೆಗೆ ಕಾಣುವುದೇ ಇಲ್ಲ.

ಎರಡು ತಗಡುಗಳ ನಡುವೆ ತುಕ್ಕು ಬೆಳೆದು ಅವು ಬಾಯಿ ಬಿಟ್ಟಿದ್ದರೆ ಅಲ್ಲಿಗೆ ಯಾವ ಬಣ್ಣವೂ ಮದ್ದಲ್ಲ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ರಿವೆಟ್ಟಿನ ತಲೆಯೇ ಹಾರಿಹೋಗುತ್ತದೆ. ರಿವೆಟ್ ಕಡಿದು, ತಗಡು ಬಿಡಿಸಿ, ಒಳಗೆ ಸ್ವಚ್ಛಗೊಳಿಸಿ ಮತ್ತೆ ಕೂರಿಸಬೇಕು. ಚಾಸಿಯ ಮೇಲಿನ, ಕೆಳಗಿನ ಮಡಿಕೆಗಳಿಗೆ ತೂತು ಕೊರೆಯುವುದು, ಅಡ್ಡಡ್ಡ ವೆಲ್ಡಿಂಗ್ ಎಳೆಯುವುದು ಬೇಡ. ಹೊರೆಯ ಎಳೆತ ಅತಿ ಹೆಚ್ಚು ಬೀಳುವುದು ಅಲ್ಲಿಯೇ, ಬಿರುಕು ಹುಟ್ಟುವುದೂ ಅಲ್ಲಿಂದಲೇ. ಇದು ಭಾರೀ ವಾಹನದ ಚಾಸಿ ಕೆಲಸ ಬಲ್ಲವರಿಗೆ ಬಿಡಬೇಕಾದ ಮಾತು.

ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಲೇಬೇಕೇ? ಸಮುದ್ರದ ಮರಳು ಇಲ್ಲೇ ಸಿಗುತ್ತದಲ್ಲ?

ಚಾಸಿ ಬರಿದಾಗಿದ್ದರೆ ಮಾಡಿಸಿ. ಖರ್ಚು ಮಾಡಲು ಒಂದೇ ಜಾಗವಿದ್ದರೆ ಅದು ಇದೇ. ಐಎಸ್‌ಒ 8501-1ರಲ್ಲಿ ಎಸ್‌ಎ 2½ ಎಂದು ಕರೆಯುವ ದರ್ಜೆಯನ್ನು ಕೇಳಿ: ತುಕ್ಕು, ಹಳೆ ಬಣ್ಣ, ಕಾರ್ಖಾನೆಯ ಕಪ್ಪು ಪದರ ಎಲ್ಲ ಹೋಗಿ, ಅಲ್ಲಲ್ಲಿ ತೆಳು ಕಲೆ ಮಾತ್ರ ಉಳಿದ ಬೂದು ಕಬ್ಬಿಣ. ಮೇಲ್ಮೈ 40ರಿಂದ 75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಒರಟಾಗಿದ್ದರೆ ಬಣ್ಣಕ್ಕೆ ಹಿಡಿತ ಸಿಗುತ್ತದೆ. ಬ್ಲಾಸ್ಟಿಂಗ್‌ಗೆ ಮೊದಲು ಗ್ರೀಸು, ಆಯಿಲ್ ತೊಳೆದು ತೆಗೆದಿರಬೇಕು. ಇಲ್ಲವಾದರೆ ಹರಳುಗಳು ಆ ಜಿಡ್ಡನ್ನು ಕಬ್ಬಿಣದೊಳಕ್ಕೇ ಬಡಿದು ಕೂರಿಸುತ್ತವೆ.

ಸಮುದ್ರದ ಮರಳು ಖಂಡಿತ ಬೇಡ. ಅದರಲ್ಲಿ ಉಪ್ಪಿದೆ; ಯಾವುದನ್ನು ತೆಗೆಯಲು ಹೊರಟಿದ್ದೇವೋ ಅದನ್ನೇ ಗಾಳಿಯ ಒತ್ತಡದಲ್ಲಿ ಕಬ್ಬಿಣಕ್ಕೆ ಬಡಿದಂತಾಗುತ್ತದೆ. ಹೊಳೆಯ ಮರಳೂ ಬೇಡ. ಒಣ ಮರಳು ಒಡೆದು ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಸಿಲಿಕೋಸಿಸ್ ತರುತ್ತದೆ, ಆ ರೋಗಕ್ಕೆ ಗುಣವಿಲ್ಲ. ನಮ್ಮ ಲಾರಿ ಚೆನ್ನಾಗಿ ಕಾಣಲೆಂದು ಬ್ಲಾಸ್ಟಿಂಗ್ ಮಾಡುವ ಹುಡುಗನ ಎದೆ ಹಾಳಾಗಬಾರದು. ಗಾರ್ನೆಟ್, ತಾಮ್ರದ ಕಿಟ್ಟ ಅಥವಾ ಉಕ್ಕಿನ ಗ್ರಿಟ್ ಬಳಸುವವರನ್ನೇ ಹುಡುಕಿ. ಅವರಿಗೆ ಹೊರಗಿನಿಂದ ಗಾಳಿ ಪೂರೈಸುವ ಮುಖಕವಚ ಇದೆಯೇ ಎಂದೂ ನೋಡಿ.

ಉಪ್ಪು ಪೂರ್ತಿ ಹೋಗಿದೆ ಎಂದು ತಿಳಿಯುವುದು ಹೇಗೆ? ಕಣ್ಣಿಗೆ ಕಾಣುವುದಿಲ್ಲವಲ್ಲ?

ಕಾಣುವುದಿಲ್ಲ, ಅಲ್ಲೇ ಎಲ್ಲರೂ ಸೋಲುವುದು. ಬೂದು ಬಣ್ಣಕ್ಕೆ ಹೊಳೆಯುವ ಕಬ್ಬಿಣದ ಗುಂಡಿಗಳ ತಳದಲ್ಲಿ ಉಪ್ಪು ಉಳಿದಿರಬಹುದು. ಬಣ್ಣದ ಅಡಿ ಸಿಕ್ಕಿಕೊಂಡ ಉಪ್ಪು ಬಣ್ಣದ ಪದರದ ಮೂಲಕವೇ ನೀರನ್ನು ಒಳಗೆ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೀಗಿದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರು 50 ಮಿಲಿಲೀಟರ್ ತೆಗೆದುಕೊಂಡು, ಕುಡಿಯುವ ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ನೋಡುವ ಟಿಡಿಎಸ್ ಪೆನ್ನಿನಿಂದ ಅಳೆದು ಬರೆದಿಡಿ. ಕೈಗೆ ಗ್ಲೌಸ್ ಹಾಕಿ, ಬೆವರಿನಲ್ಲೂ ಉಪ್ಪಿದೆ. ಡಿಸ್ಟಿಲ್ಡ್ ನೀರಿನಲ್ಲೇ ಮೊದಲು ತೊಳೆದ ಹತ್ತಿಯನ್ನು ಈ ನೀರಿನಲ್ಲಿ ಅದ್ದಿ, ಚಾಸಿಯ 10 ಸೆಂಟಿಮೀಟರ್ ಉದ್ದಗಲದ ಚೌಕವನ್ನು ಚೆನ್ನಾಗಿ ಒರೆಸಿ, ಹತ್ತಿಯನ್ನು ಅದೇ ನೀರಿಗೆ ಹಿಂಡಿ ಮತ್ತೆ ಅಳೆಯಿರಿ. ಅಂಕಿ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಏರಿತೆಂದರೆ ಚದರ ಮೀಟರಿಗೆ ಸುಮಾರು 50 ಮಿಲಿಗ್ರಾಂ ಉಪ್ಪು ಇದೆ ಎಂದು ಲೆಕ್ಕ. ಹಡಗುಗಳು ಸಮತೋಲಕ್ಕೆ ಸಮುದ್ರದ ನೀರು ತುಂಬುವ ಟ್ಯಾಂಕುಗಳಿಗೆ ಅಂತಾರಾಷ್ಟ್ರೀಯ ಕಡಲ ಸಂಸ್ಥೆ ಇಟ್ಟಿರುವ ಮಿತಿಯೂ ಅಷ್ಟೇ. ಒರೆಸಿದ ಹತ್ತಿಗೆ ಎಲ್ಲ ಉಪ್ಪೂ ಬರುವುದಿಲ್ಲವಾದ್ದರಿಂದ, ನಿಮ್ಮ ಅಂಕಿ ಇದಕ್ಕಿಂತ ಸಾಕಷ್ಟು ಕೆಳಗಿದ್ದರೆ ಮಾತ್ರ ಮುಂದುವರಿಯಿರಿ.

ಹೆಚ್ಚಿದ್ದರೆ ಸಿಹಿನೀರನ್ನು ಒತ್ತಡದಲ್ಲಿ ಹಾಯಿಸಿ ತೊಳೆದು, ಕಂಪ್ರೆಸರ್ ಗಾಳಿಯಿಂದ ಕೂಡಲೇ ಒಣಗಿಸಿ, ಮತ್ತೊಮ್ಮೆ ಹಗುರವಾಗಿ ಬ್ಲಾಸ್ಟಿಂಗ್ ಹಾಯಿಸಬೇಕು. ತೊಳೆದ ಕಬ್ಬಿಣ ನಮ್ಮ ಹವೆಯಲ್ಲಿ ನೋಡನೋಡುತ್ತಲೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಕರಾವಳಿಯ ಬಾವಿಗಳಲ್ಲಿ ಕೆಲವು ಬೇಸಿಗೆಯಲ್ಲಿ ಉಪ್ಪಾಗುತ್ತವೆ; ತೊಳೆಯುವ ನೀರನ್ನೂ ಅದೇ ಪೆನ್ನಿನಿಂದ ನೋಡಿಕೊಳ್ಳಿ.

ಅಜ್ಜನ ಕಾಲದಿಂದ ರೆಡ್ ಆಕ್ಸೈಡ್ ಬಳಿಯುತ್ತಿದ್ದೇವೆ. ಅದು ಸಾಲದೇ?

ಗೇಟಿಗೆ, ಕಿಟಕಿ ಸರಳಿಗೆ ಸಾಕು. ಕರಾವಳಿಯಲ್ಲಿ ಓಡುವ ಚಾಸಿಗೆ ಸಾಲದು. ಕೆಂಪು ಬಣ್ಣ ಕೊಡುವ ಐರನ್ ಆಕ್ಸೈಡ್ ತಾನಾಗಿ ತುಕ್ಕು ತಡೆಯುವುದಿಲ್ಲ. ಐಎಸ್ 2074 ಪ್ರಕಾರದ ಹಳೆಯ ಪ್ರೈಮರಿನಲ್ಲಿ ಆ ಕೆಲಸ ಮಾಡುತ್ತಿದ್ದುದು ಝಿಂಕ್ ಕ್ರೋಮೇಟ್, ಅದು ಕ್ಯಾನ್ಸರ್‌ಕಾರಕ. ಅಗ್ಗದ ಡಬ್ಬಿಗಳಲ್ಲಿ ಹೆಚ್ಚಾಗಿ ಕೆಂಪು ಮಾತ್ರ ಇರುತ್ತದೆ. ಜೊತೆಗೆ ಈ ಪ್ರೈಮರಿನ ಆಲ್ಕಿಡ್ ರಾಳ ತೇವವನ್ನು ಸುಲಭವಾಗಿ ಒಳಬಿಡುತ್ತದೆ. ಶಿರಸಿಯಲ್ಲಿ, ವರ್ಷಕ್ಕೊಮ್ಮೆ ತಪ್ಪದೆ ನೋಡಿಕೊಳ್ಳುವ ಲಾರಿಗೆ ಝಿಂಕ್ ಫಾಸ್ಫೇಟ್ ಇರುವ ಪ್ರೈಮರ್ ಮತ್ತು ಎನಾಮಲ್ ನಡೆದೀತು.

ಹಳೆಯ ಚಾಸಿಯ ಪದರಗಳಲ್ಲಿ ಕ್ರೋಮೇಟ್ ಮಾತ್ರವಲ್ಲ, ಸೀಸವೂ ಇರಬಹುದು. ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ, ಮಕ್ಕಳಿರುವ ಅಂಗಳದಲ್ಲಂತೂ ಬೇಡವೇ ಬೇಡ.

ಝಿಂಕ್ ಪ್ರೈಮರ್ ಹೇಗೆ ಕೆಲಸ ಮಾಡುತ್ತದೆ? ಗ್ಯಾಲ್ವನೈಸಿಂಗ್ ಮಾಡಿಸಿದರೆ ಇನ್ನೂ ಒಳ್ಳೆಯದಲ್ಲವೇ?

ಗೀರು ಬಿದ್ದ ಕಡೆ ಕಬ್ಬಿಣದ ಬದಲು ಝಿಂಕ್ ತಾನೇ ಕರಗುತ್ತದೆ. ಇದು ನಡೆಯಬೇಕಾದರೆ ಝಿಂಕಿನ ಕಣಗಳು ಒಂದಕ್ಕೊಂದು ಮತ್ತು ಬರಿಯ ಕಬ್ಬಿಣಕ್ಕೆ ತಾಗಿರಬೇಕು. ಒಣಗಿದ ಪದರದ ತೂಕದಲ್ಲಿ ಹೆಚ್ಚುಕಡಿಮೆ 80 ಶೇಕಡಾ ಝಿಂಕ್ ಇರಬೇಕು, ಅಡಿಯಲ್ಲಿ ತುಕ್ಕು ಇರಬಾರದು. ತುಕ್ಕಿನ ಮೇಲೆ ಬಳಿದ ಝಿಂಕ್ ಪ್ರೈಮರ್ ಬರೀ ಬೂದು ಬಣ್ಣ, ಅಷ್ಟೇ. ಅದರ ಮೇಲೆ ನೇರವಾಗಿ ಎನಾಮಲ್ ಬಳಿದರೂ ಕೆಡುತ್ತದೆ: ಝಿಂಕ್ ಮತ್ತು ಎನಾಮಲ್ಲಿನ ಆಲ್ಕಿಡ್ ಸೇರಿ ಸಾಬೂನಿನಂಥ ಪದರವಾಗಿ ಬಣ್ಣ ಸುಲಿದು ಬರುತ್ತದೆ. ನಡುವೆ ಎಪಾಕ್ಸಿ ಇರಲೇಬೇಕು.

ಗ್ಯಾಲ್ವನೈಸಿಂಗ್ ಎಂದು ಇಡೀ ಚಾಸಿಯನ್ನು ಬಿಸಿ ಝಿಂಕಿನಲ್ಲಿ ಮುಳುಗಿಸುವುದನ್ನು ನಾನು ಒಪ್ಪುವುದಿಲ್ಲ. ಕರಗಿದ ಝಿಂಕ್ ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುತ್ತದೆ. ಉದ್ದನೆಯ ಚಾಸಿ ತಿರುಚಿಕೊಳ್ಳಬಹುದು. ಅದಕ್ಕೂ ಮೊದಲಿನ ಆಮ್ಲದ ಸ್ನಾನದಲ್ಲಿ ರಿವೆಟ್ ಹೊಡೆದ ಸಂದುಗಳೊಳಗೆ ಆಮ್ಲ ಸಿಕ್ಕಿಕೊಂಡು ಒಳಗಿಂದಲೇ ತಿನ್ನುತ್ತದೆ. ಬಿಚ್ಚಿ ತೆಗೆಯಬಹುದಾದ ಸಣ್ಣ ಬ್ರಾಕೆಟ್‌ಗಳಿಗೆ ಮಾಡಿಸಿದರೆ ತುಂಬ ಒಳ್ಳೆಯದು.

ಎಪಾಕ್ಸಿಗಳಲ್ಲಿ ಯಾವುದು? ಬೋಟಿನವರು ಬಳಸುವುದನ್ನೇ ತರಬಹುದೇ?

ತರಬಹುದು, ತರಬೇಕು. ಬಂದರಿನ ಬಣ್ಣದಂಗಡಿಗಳಲ್ಲಿ ಸಿಗುವ ಎರಡು ಡಬ್ಬಿಯ ಮರೈನ್ ಎಪಾಕ್ಸಿ ನಮ್ಮ ಹವೆಗೆಂದೇ ಇರುವಂಥದ್ದು. ಬಣ್ಣ ಗಟ್ಟಿಯಾಗಲು ಬೆರೆಸುವ ಎರಡನೇ ಡಬ್ಬಿಯ ಹಾರ್ಡನರ್ ಯಾವ ಜಾತಿಯದು ಎಂದು ಕೇಳಿ. ಫಿನಾಲ್ಕಮಿನ್ ಎಂಬ ಜಾತಿ ತೇವದ ಹವೆಯಲ್ಲೂ ಚೆನ್ನಾಗಿ ಗಟ್ಟಿಯಾಗುತ್ತದೆ, ಪೂರ್ತಿ ಸ್ವಚ್ಛವಿಲ್ಲದ ಕಬ್ಬಿಣವನ್ನೂ ಹಿಡಿದುಕೊಳ್ಳುತ್ತದೆ. ಅದನ್ನು ತಯಾರಿಸುವುದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಬೆಳೆಯುವ, ಕೈ ಸುಡುವ ಅದೇ ಎಣ್ಣೆ ಲೋಕದ ಹಡಗುಗಳನ್ನು ತುಕ್ಕಿನಿಂದ ಕಾಯುತ್ತಿದೆ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ.

ಗ್ರೈಂಡರ್ ಹೊಡೆದ ಕಬ್ಬಿಣಕ್ಕೆ ಅಲ್ಯೂಮಿನಿಯಂ ಪುಡಿ ಸೇರಿದ ಎಪಾಕ್ಸಿ ಮಾಸ್ಟಿಕ್ ನನ್ನ ಆಯ್ಕೆ. ಆ ಚಪ್ಪಟೆ ಕಣಗಳು ಪದರದಲ್ಲಿ ಅಡ್ಡಡ್ಡ ಮಲಗಿ ನೀರಿನ ದಾರಿಯನ್ನು ಉದ್ದ ಮಾಡುತ್ತವೆ. ಯಾವ ಎಪಾಕ್ಸಿಯಾದರೂ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಬಿಸಿಲು ತಾಗುವ ಕಡೆ ಮೇಲೆ ಪಿಯು ಬೇಕು.

ತುಕ್ಕಿನ ಮೇಲೆಯೇ ಬಳಿಯಬಹುದು ಎನ್ನುವ ಬಣ್ಣಗಳು ನಿಜವೇ?

ಗಾಳಿಯ ತೇವದಿಂದಲೇ ಗಟ್ಟಿಯಾಗುವ ಯುರೆಥೇನ್ ಬಣ್ಣಗಳು, ವಿದೇಶದ ಪಿಒಆರ್-15 ಇದ್ದ ಹಾಗೆ, ಬಿಗಿಯಾಗಿ ಅಂಟಿದ ತೆಳು ತುಕ್ಕನ್ನು ನಿಜಕ್ಕೂ ಚೆನ್ನಾಗಿ ಹಿಡಿಯುತ್ತವೆ. ನಯವಾದ ಹೊಸ ಕಬ್ಬಿಣದ ಮೇಲೆ ಮಾತ್ರ ಹಾಳೆಯಂತೆ ಸುಲಿದು ಬರುತ್ತವೆ. ಪದರ ಪದರವಾಗಿ ಏಳುವ ತುಕ್ಕಿನ ಮೇಲೆ ಬಳಿದರೆ ಬಣ್ಣ ತುಕ್ಕನ್ನು ಹಿಡಿಯುತ್ತದೆ, ತುಕ್ಕು ಕಬ್ಬಿಣವನ್ನು ಬಿಡುತ್ತದೆ. ಉಪ್ಪಿಗಂತೂ ಇವುಗಳಲ್ಲಿ ಮದ್ದಿಲ್ಲ. ಬಿಸಿಲಿಗೆ ಬಣ್ಣ ಮಾಸುತ್ತದೆ. ನಮ್ಮ ಮಳೆಗಾಲದಲ್ಲಿ ಒಮ್ಮೆ ತೆರೆದ ಡಬ್ಬಿ ಒಳಗೇ ಗಟ್ಟಿಯಾಗುತ್ತದೆ, ಸಣ್ಣ ಡಬ್ಬಿಗಳನ್ನೇ ಕೊಳ್ಳಿ.

ಅಡಿಕೆ ಚೊಗರಿನಿಂದ (ಅಡಿಕೆ ಬೇಯಿಸಿದ ನೀರಿನಿಂದ) ತುಕ್ಕು ಕಪ್ಪಾಗುತ್ತದೆ. ಅದನ್ನೇ ತುಕ್ಕು ಪರಿವರ್ತಕವಾಗಿ (ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರವವಾಗಿ) ಬಳಸಬಹುದೇ?

ಶಿರಸಿ ಕಡೆಯಿಂದ ಈ ಪ್ರಶ್ನೆ ಬರುವುದು ಸಹಜ. ಅಡಿಕೆ ಸುಲಿದ ಕತ್ತಿ ಕಪ್ಪಾಗುವುದನ್ನು ಎಲ್ಲರೂ ನೋಡಿದ್ದೇವೆ. ರಸಾಯನವೂ ಸರಿಯೇ. ಚೊಗರಿನ ಟ್ಯಾನಿನ್ ತುಕ್ಕಿನೊಂದಿಗೆ ಸೇರಿ ಕಪ್ಪು ಟ್ಯಾನೇಟ್ ಆಗುತ್ತದೆ, ಅಂಗಡಿಯ ಅನೇಕ ಪರಿವರ್ತಕಗಳಲ್ಲಿ ಇರುವುದೂ ಟ್ಯಾನಿಕ್ ಆಮ್ಲವೇ. ಆದರೆ ಅವುಗಳಲ್ಲಿ ಅಳತೆಯ ಆಮ್ಲದ ಜೊತೆಗೆ ಆ ಕಪ್ಪನ್ನು ಹಿಡಿದಿಡುವ ರಾಳವೂ ಇರುತ್ತದೆ. ಚೊಗರು ಬಿಟ್ಟುಹೋಗುವ ಅಂಟು ಬಣ್ಣದ ಹಿಡಿತವನ್ನು ಕೆಡಿಸುತ್ತದೆ. ಚಾಸಿಗೆ ಬೇಡ.

ಪರಿವರ್ತಕವನ್ನು ನಾನು ಬ್ರಷ್ ತಲುಪದ ಗುಂಡಿಗಳಿಗೆ ಮಾತ್ರ ಇಡುತ್ತೇನೆ. ಫಾಸ್ಫಾರಿಕ್ ಆಮ್ಲದ್ದಾದರೆ ಉಳಿಕೆಯನ್ನು ತೊಳೆದು ಒಣಗಿಸದೆ ಎಪಾಕ್ಸಿ ಬಳಿಯಬೇಡಿ.

ಅಡಿಭಾಗಕ್ಕೆ ಡಾಂಬರಿನಂಥ ಕಪ್ಪು ಅಂಡರ್‌ಬಾಡಿ ಕೋಟಿಂಗ್?

ಹಳೆಯ ಚಾಸಿಗೆ ಬೇಡ. ಕಲ್ಲಿನ ಏಟನ್ನು ತಡೆಯುತ್ತದೆ, ನಿಜ. ಕೆಲವು ವರ್ಷಗಳಲ್ಲಿ ಒಣಗಿ ಬಿರುಕು ಬಿಡುತ್ತದೆ, ಬಿರುಕಿನಿಂದ ಉಪ್ಪುನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಮೇಲೆ ಕಪ್ಪಗೆ ಚೆಂದ ಕಾಣುತ್ತಿರುವಾಗಲೇ ಅಡಿಯಲ್ಲಿ ಕಬ್ಬಿಣ ಕಾಗದವಾಗಿರುತ್ತದೆ. ಲಾರಿ ಕೊಳ್ಳಲು ಹೋದಾಗ ಚಾಸಿಗೆ ಹೊಸದಾಗಿ ಇದನ್ನು ಬಳಿದಿದ್ದರೆ ಸುತ್ತಿಗೆಯಿಂದ ತಟ್ಟದೆ ಹಣ ಕೊಡಬೇಡಿ.

ಸುಟ್ಟ ಎಂಜಿನ್ ಆಯಿಲ್ ಅಥವಾ ಮೀನೆಣ್ಣೆ ಹಚ್ಚಬಹುದೇ?

ಸುಟ್ಟ ಆಯಿಲ್‌ನಲ್ಲಿ ಆಮ್ಲ ಸೇರಿರುತ್ತದೆ, ಕ್ಯಾನ್ಸರ್ ತರುವ ಅಂಶಗಳಿರುತ್ತವೆ, ರಬ್ಬರ್ ಬುಶ್ ಊದಿಕೊಳ್ಳುತ್ತದೆ, ಮಳೆಯಲ್ಲಿ ತೊಳೆದು ಗದ್ದೆಗೆ, ಬಾವಿಗೆ ಸೇರುತ್ತದೆ. ಬೇಡ.

ಮೀನೆಣ್ಣೆಯ ಮಾತು ಬೇರೆ. ತಾರ್ಲೆ (ಬೂತಾಯಿ) ಮೀನಿನ ಎಣ್ಣೆಯನ್ನು ದೋಣಿಗೆ ಬಳಿಯುವುದು ನಮ್ಮ ಕರಾವಳಿಗೆ ಹೊಸದಲ್ಲ. ಡೆಕ್ಕಿನ ಮೇಲೆ ಚೆಲ್ಲಿದ ಮೀನೆಣ್ಣೆ ತುಕ್ಕನ್ನು ನಿಲ್ಲಿಸಿದ್ದನ್ನು ಕಂಡ ಸ್ಕಾಟ್ಲೆಂಡಿನ ಹಡಗು ಕಪ್ತಾನರೊಬ್ಬರು 1921ರಲ್ಲಿ ಅಮೆರಿಕದಲ್ಲಿ ರಸ್ಟ್-ಓಲಿಯಂ ಕಂಪನಿಯನ್ನೇ ಕಟ್ಟಿದರು. ಅದು ತುಕ್ಕಿನೊಳಗೆ ಇಳಿದು, ನಿಧಾನವಾಗಿ ಒಣಗಿ ಪದರ ಕಟ್ಟುತ್ತದೆ. ಹಸಿ ಎಣ್ಣೆ ನಾರುತ್ತದೆ, ಇಲಿ ಇರುವೆ ಕರೆಯುತ್ತದೆ, ಅದರ ಮೇಲೆ ಎಪಾಕ್ಸಿ ನಿಲ್ಲುವುದಿಲ್ಲ. ಇಂದು ಅದಕ್ಕಿಂತ ಒಳ್ಳೆಯದು ಉಣ್ಣೆಯ ಜಿಡ್ಡಿನ ಲ್ಯಾನೊಲಿನ್ ಅಥವಾ ಮೇಣದ ಸ್ಪ್ರೇ. ಬಣ್ಣ ಹಚ್ಚಿದ ಚಾಸಿಯಲ್ಲೂ ರಿವೆಟ್ ಸಂದುಗಳಿಗೆ, ಮುಚ್ಚಿದ ಕ್ರಾಸ್ ಮೆಂಬರಿನ ಒಳಕ್ಕೆ ಎಲ್ಲ ಬಣ್ಣ ಒಣಗಿದ ಮೇಲೆ ಕೊನೆಯದಾಗಿ ಇದನ್ನು ಹೊಡೆಯಲೇಬೇಕು. ನೀರು ಹರಿದುಹೋಗುವ ತೂತುಗಳು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಯಾವ ತಿಂಗಳಲ್ಲಿ ಬಳಿಯಬೇಕು?

ಡಿಸೆಂಬರಿನಿಂದ ಫೆಬ್ರವರಿ. ಆಗಲೂ ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ ಶುರುಮಾಡಿ, ಸಂಜೆಯ ತಂಪು ಇಳಿಯುವ ಮೊದಲು ಪದರ ಕೈಗೆ ಅಂಟದಷ್ಟು ಒಣಗುವಂತೆ ಮುಗಿಸಿ. ಆರ್ದ್ರತೆ 85 ಶೇಕಡಾ ದಾಟಿರಬಾರದು, ಕಬ್ಬಿಣದ ತಾಪ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗತೊಡಗುವ ತಾಪಕ್ಕಿಂತ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಗಾಳಿ 28 ಡಿಗ್ರಿ, ಆರ್ದ್ರತೆ 80 ಶೇಕಡಾ ಇದ್ದರೆ ಇಬ್ಬನಿ ಬಿಂದು ಸುಮಾರು 24. ಕಬ್ಬಿಣ 27 ಇದ್ದರೆ ಮಾತ್ರ ಬ್ರಷ್ ಹಿಡಿಯಿರಿ. ದಪ್ಪ ಚಾಸಿ ರಾತ್ರಿಯ ತಂಪನ್ನು ಬಹಳ ಹೊತ್ತು ಹಿಡಿದಿರುತ್ತದೆ, ಗಾಳಿ ಬಿಸಿಯಾದರೂ ಅದು ಬೆವರುತ್ತಿರುತ್ತದೆ. ಸಮುದ್ರದ ಗಾಳಿ ಬೀಸುವ ಮಧ್ಯಾಹ್ನ ಎರಡು ಪದರಗಳ ನಡುವೆ ಉಪ್ಪು ಕೂರಬಹುದು. ಟಾರ್ಪಾಲು ಕಟ್ಟಿ, ಮುಂದಿನ ಪದರಕ್ಕೆ ಮೊದಲು ಸಿಹಿನೀರಿನಲ್ಲಿ ಒರೆಸಿ ಒಣಗಿಸಿ.

ಎಷ್ಟು ದಪ್ಪ ಬಳಿಯಬೇಕು?

ಝಿಂಕ್ 60ರಿಂದ 75 ಮೈಕ್ರಾನ್, ಎಪಾಕ್ಸಿ 100ರಿಂದ 150, ಪಿಯು 50. ಇದಕ್ಕಿಂತ ಮುಖ್ಯವಾದ ಮಾತು ಅಂಚುಗಳದ್ದು. ಒದ್ದೆ ಬಣ್ಣ ಅಂಚಿನಿಂದ ಹಿಂದೆ ಸರಿಯುತ್ತದೆ, ತುಕ್ಕು ಅಲ್ಲಿಂದಲೇ ಶುರು. ಪ್ರತಿ ಪದರಕ್ಕೂ ಮೊದಲು ಅಂಚು, ರಿವೆಟ್ ತಲೆ, ಬೋಲ್ಟಿನ ತೂತುಗಳಿಗೆ ಕೈಯಿಂದ ಬ್ರಷ್‌ನಲ್ಲಿ ಒಂದು ಪಟ್ಟಿ ಎಳೆಯಿರಿ. ಗುತ್ತಿಗೆಗೆ ಕೊಟ್ಟಾಗ ಇದನ್ನು ಬರೆಸಿಕೊಳ್ಳಿ, ನಿಂತು ನೋಡಿ.

ಪಿಯು ಹೊಡೆಯುವಾಗ ಸಾಮಾನ್ಯ ಮುಖಗವಸು ಸಾಕೇ?

ಸಾಲದು. ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಒಮ್ಮೆ ಒಗ್ಗದಂತಾದರೆ ಜೀವನವಿಡೀ ಉಬ್ಬಸ ತರಬಹುದು. ಹೊರಗಿನ ಗಾಳಿ ಕೊಡುವ ಮುಖಕವಚ ಇಲ್ಲದಿದ್ದರೆ ಸ್ಪ್ರೇ ಬಿಟ್ಟು, ಕೈಗವಸು ಹಾಕಿ, ಬಯಲಿನಲ್ಲಿ ಬ್ರಷ್‌ನಿಂದ ಬಳಿಯಿರಿ. ಚಾಸಿಗೆ ಬ್ರಷ್ ಗುರುತು ಕಂಡರೂ ನಷ್ಟವಿಲ್ಲ.

ಚಾಸಿ ಸಂಖ್ಯೆಯ ಮೇಲೆ ಬಣ್ಣ ಬಂದರೆ?

ಫಿಟ್‌ನೆಸ್‌ಗೆ ಹೋದಾಗ ಕಾರವಾರದ ಕೆಎ-30 ಇರಲಿ, ಶಿರಸಿಯ ಕೆಎ-31 ಇರಲಿ, ಸಂಖ್ಯೆ ಓದಲು ಆಗಲೇಬೇಕು. ಬ್ಲಾಸ್ಟಿಂಗ್‌ಗೆ ಮೊದಲು ಫೋಟೊ ತೆಗೆದು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟು, ಆ ಜಾಗವನ್ನು ದಪ್ಪ ರಬ್ಬರ್ ಹಾಳೆಯಿಂದ ಮುಚ್ಚಿ. ಅಲ್ಲಿ ಕೈಯಿಂದಲೇ ಸ್ವಚ್ಛಗೊಳಿಸಿ, ಗ್ರೈಂಡರ್ ಮುಟ್ಟಿಸಬೇಡಿ. ಕೊನೆಗೆ ದಪ್ಪ ಎಪಾಕ್ಸಿಯ ಬದಲು ಪಾರದರ್ಶಕ ಮೇಣ ಸಾಕು. 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮ ದ್ವಿಚಕ್ರ ವಾಹನ ಮತ್ತು ಪ್ರಯಾಣಿಕ ಕಾರುಗಳಿಗೆ ಸೀಮಿತ. ಲಾರಿಗೆ ಆ ಆಸರೆಯಿಲ್ಲ, ಹಾಗಾಗಿ ಇರುವ ದಾಖಲೆ, ಇರುವ ಸಂಖ್ಯೆಗಳೇ ಅದರ ಜೀವ.

ಇಷ್ಟೆಲ್ಲ ಮಾಡಿದ ಮೇಲೆ ಎಷ್ಟು ವರ್ಷ ನಿಶ್ಚಿಂತೆ?

ನಿಶ್ಚಿಂತೆ ಎಂಬುದಿಲ್ಲ, ಕೆಲಸ ಸಣ್ಣದಾಗುತ್ತದೆ. ಕರಾವಳಿಯಲ್ಲಿ ಒಣ ತಿಂಗಳುಗಳಲ್ಲೂ ಅಡಿಭಾಗಕ್ಕೆ ಸಿಹಿನೀರು ಹಾಯಿಸಿ, ಚಾನೆಲ್ಲಿನ ಒಳಮೈಗೆ ತಲುಪುವ ಹಾಗೆ. ದಸರೆಯ ಆಯುಧಪೂಜೆಗೆ ಲಾರಿ ತೊಳೆಯುವುದು ಹೇಗೂ ಇದ್ದೇ ಇದೆ; ಅಂದೇ ಟಾರ್ಚು ಹಿಡಿದು ಅಡಿಗೆ ಹೋಗಿ, ಕಲ್ಲೇಟಿನ ಗೀರು, ಅಂಚಿನ ಕಿತ್ತಳೆ ಗೆರೆಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿ. ಆ ಗುರುತುಗಳನ್ನು ಡಿಸೆಂಬರಿನಲ್ಲಿ ಉಜ್ಜಿ, ತೊಳೆದು, ಎಪಾಕ್ಸಿ ಹಚ್ಚಿ, ಮೇ ತಿಂಗಳ ಕೊನೆಯೊಳಗೆ ಸಂದುಗಳಿಗೆ ಮೇಣ ಹೊಡೆದು ಮುಗಿಸಿ.